ದಾರಿ ಹೇಳುವ ಡಬ್ಬಿಯ ಸಾಕ್ಷಿ

"ನನ್ನ ಗಂಡ ಕಳ್ಳ ಅಲ್ಲ ಸಾರ್. ನನಗೆ ಗೊತ್ತಿರೋದು ಅಷ್ಟೇ. ಮಿಕ್ಕಿದ್ದನ್ನ ನೀವು ಕಂಡುಹಿಡೀಬೇಕು."

ಮೆಟ್ಟಿಲು ಹತ್ತಿ ಬಂದ ಹೆಂಗಸು ಬಾಗಿಲಲ್ಲೇ ನಿಂತು ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು. ಪುಟ್ಟಸ್ವಾಮಿ ಗಡಿಬಿಡಿಯಿಂದ ಎದ್ದು ತಾನು ಕೂತಿದ್ದ ಕುರ್ಚಿಯನ್ನೇ ಅವಳ ಕಡೆ ತಳ್ಳಿದ. ಆ ಕೋಣೆಯಲ್ಲಿ ಇದ್ದದ್ದೇ ಎರಡು ಕುರ್ಚಿ. ಇನ್ನೊಂದರಲ್ಲಿ ಇಂದುಧರ ಸಾಹೇಬರು ಕೂತಿದ್ದರು.

ಅರಸೀಕೆರೆಯ ಸ್ಟೇಷನ್ ರಸ್ತೆಯ ಆ ಮಹಡಿ ಕೋಣೆಗೆ ಜನ ಹೀಗೆ ಹುಡುಕಿಕೊಂಡು ಬರುವುದು ಹೊಸದೇನಲ್ಲ. ಸಾಹೇಬರು ತಾಲ್ಲೂಕು ಸರ್ವೆಯರ್ ಆಗಿ ನಿವೃತ್ತರಾದವರು. ಒತ್ತುವರಿ, ಕಿತ್ತೆಸೆದ ಗಡಿಕಲ್ಲು, ತಿದ್ದಿದ ನಕಾಶೆ ಇವುಗಳ ಜಾಡು ಹಿಡಿದು ಹಿಡಿದು ಕೊನೆಗೆ ಕಳ್ಳರ ಜಾಡು ಹಿಡಿಯುವುದೂ ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಪುಟ್ಟಸ್ವಾಮಿ ಅವರ ಚೈನ್‌ಮನ್. ಇಪ್ಪತ್ತೆಂಟು ವರ್ಷ ಬಿಸಿಲಲ್ಲಿ ಅವರ ಮುಂದೆ ಅಳತೆ ಸರಪಳಿ ಎಳೆದವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಮನೆಗೆ ಬೀಗ ಜಡಿದು ಇಲ್ಲಿಗೆ ಬಂದರೆ, ಕತ್ತಲಾದ ಮೇಲೆ ಹೋಗಿ ಅದೇ ಬೀಗ ತೆಗೆಯುತ್ತಿದ್ದ. 'ಮೊದಲು ಕೇಳು, ಆಮೇಲೆ ಅಳಿ' ಎನ್ನುವುದು ಸಾಹೇಬರ ನೇಮ. ಜಮೀನಿಗೆ ಸರಪಳಿ ಹಾಕುವ ಮುಂಚೆ ಅಕ್ಕಪಕ್ಕದವರನ್ನೆಲ್ಲ ಕೂರಿಸಿಕೊಂಡು ಕೇಳುತ್ತಿದ್ದರು. ಊರನ್ನೆಲ್ಲ ಕೇಳುವ ಈ ಪುಣ್ಯಾತ್ಮ ತನ್ನನ್ನು ಮಾತ್ರ ಒಂದು ದಿನವೂ 'ಊಟ ಆಯ್ತೇನಯ್ಯಾ' ಅಂತ ಕೇಳಲಿಲ್ಲವಲ್ಲ ಎಂಬ ಸಿಟ್ಟು ಪುಟ್ಟಸ್ವಾಮಿಗೆ ಆಗಾಗ ಬರುತ್ತಿತ್ತು. ಬಂದು ಹೋಗುತ್ತಿತ್ತು.

ಹೆಂಗಸಿನ ಹೆಸರು ರಮಾ. ಗಂಡಸಿ ಎಂಬ ಊರಿನ ಶಾಲೆಯಲ್ಲಿ ಟೀಚರ್. ಗಂಡ ದೇವರಾಜ್ ಹಳೇಬೀಡಿನಲ್ಲಿ ಪದ್ಮಕುಮಾರ ಎನ್ನುವವರ ಟೂರಿಸ್ಟ್ ಕಾರು ಓಡಿಸುತ್ತಿದ್ದ. ಅಲ್ಲೇ ಒಂದು ಬಾಡಿಗೆ ರೂಮು, ಭಾನುವಾರ ಮಾತ್ರ ಊರಿಗೆ.

"ಹೊರದೇಶದ ಗಿರಾಕಿಗಳು ಹುಲಿಕೆರೆ ಕಲ್ಯಾಣಿ ನೋಡ್ಬೇಕು, ಆ ಹಳ್ಳಿ ನೋಡ್ಬೇಕು, ಈ ಬಸದಿ ನೋಡ್ಬೇಕು ಅಂತಾರೆ ಸಾರ್. ಅದಕ್ಕೆ ಪದ್ಮಕುಮಾರರು ಕಾರಿಗೆ ದಾರಿ ಹೇಳೋ ಡಬ್ಬಿ ಹಾಕಿಸೋಣ ಅಂತ ಹೊರಟ್ರು. ಜಿಪಿಎಸ್ ಅಂತಾರಲ್ಲ, ಗಾಜಿಗೆ ಅಂಟಿಸೋದು. ಬೆಂಗಳೂರು ಅಂಗಡಿಯದು ಹತ್ತೊಂಬತ್ತು ಸಾವಿರ. ಅವರ ಮನೇಲೇ ಇರೋ ಸೋದರಮಾವನ ಮಗ ಭರತೇಶ್ ದುಬೈಯಿಂದ ತಂದಿದ್ದು ಆರೂವರೆ ಸಾವಿರ. ಯಾವುದು ತಗೊಳ್ಳೋದು ಅಂತ ತೀರ್ಮಾನ ಆಗ್ಲಿಲ್ಲ. ಒಂದು ವಾರ ಪರೀಕ್ಷೆಗೆ ಅಂತ ದುಬಾರಿದನ್ನ ಪದ್ಮಕುಮಾರರು ತಮ್ಮ ಕಾರಿಗೆ ಹಾಕ್ಕೊಂಡ್ರು, ಅಗ್ಗದ್ದನ್ನ ಇವರ ಕಾರಿಗೆ ಹಾಕಿದ್ರು."

ಗುರುವಾರ ಸಂಜೆ ಪದ್ಮಕುಮಾರರ ಮನೆಯ ದೇವರ ಕೋಣೆಯಿಂದ ಸ್ಫಟಿಕದ ಪಾರ್ಶ್ವನಾಥ ಕಾಣೆಯಾಗಿತ್ತು. ಗೇಣುದ್ದದ ಮೂರ್ತಿ, ನಾಲ್ಕು ತಲೆಮಾರಿನದು. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಪದ್ಮಕುಮಾರರೂ ಅವರ ತಾಯಿ ತ್ರಿಶಲಮ್ಮನೂ ಐದೂ ಮುಕ್ಕಾಲಿಗೆ ಹಿಂದಿನ ಅಡುಗೆಮನೆಯಲ್ಲಿ ಊಟಕ್ಕೆ ಕೂತರು. ಆಗ ಮೂರ್ತಿ ಇತ್ತು. ಆರೂ ಇಪ್ಪತ್ತಕ್ಕೆ ತ್ರಿಶಲಮ್ಮ ದೀಪ ಹಚ್ಚಲು ಹೋದರೆ ಇಲ್ಲ.

"ರಾತ್ರಿ ಭರತೇಶ್ ಡಬ್ಬಿನ ಕಂಪ್ಯೂಟರಿಗೆ ಹಾಕಿ ಈ ಹಾಳೆ ತೆಗೆದ್ರಂತೆ," ಎಂದು ರಮಾ ಒಂದು ಜೆರಾಕ್ಸ್ ಪ್ರತಿ ಮುಂದಿಟ್ಟಳು. ಕಾರು ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನೆಲ್ಲ ಡಬ್ಬಿ ಬರೆದಿಟ್ಟುಕೊಂಡಿತ್ತು. ಪದ್ಮಕುಮಾರರ ಮನೆಯ ಮುಂದೆ 5:52ರಿಂದ 6:04. ಬೇಲೂರಿನ ಹೋಟೆಲಿಗೆ 6:31. ಅಲ್ಲಿಂದ ಹೊರಟಿದ್ದು 6:55.

"ಸೋಮವಾರದೊಳಗೆ ಮೂರ್ತಿ ತಂದಿಡದಿದ್ರೆ ಇದನ್ನ ಪೊಲೀಸರಿಗೆ ಕೊಡ್ತಾರಂತೆ. ಆಮೇಲೆ ಇವರನ್ನ ಯಾರು ಕೆಲಸಕ್ಕೆ ಇಟ್ಕೋತಾರೆ ಸಾರ್? ಮೂರು ದಿನದಿಂದ ಮಾತಿಲ್ಲ, ತುತ್ತು ಗಂಟಲಲ್ಲಿ ಇಳೀತಿಲ್ಲ. ಕರ್ಕೊಂಡು ಬಂದಿದೀನಿ. ಮೇಲೆ ಬರಲ್ಲ ಅಂತ ಕೆಳಗೇ ನಿಂತಿದಾರೆ."

ಸಾಹೇಬರು ಪುಟ್ಟಸ್ವಾಮಿಯ ಮುಖ ನೋಡಿದರು. 'ಹೋಗಿ ಕೇಳು' ಎಂಬ ಆ ನೋಟದ ಅರ್ಥ ತಿಳಿದು ಅವನು ಕೆಳಗಿಳಿದ.

ದೇವರಾಜ್ ರಸ್ತೆಯಾಚೆಯ ಟೀ ಅಂಗಡಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದ. ಅಂಗಡಿಯ ಬೆಂಚಿನ ಮೇಲೆ ಟ್ಯಾಕ್ಸಿಯವರು ನಾಲ್ಕು ಜನ ಹರಟುತ್ತಿದ್ದರು. "ಕಳ್ಳನ್ನ ಹಿಡಿಯೋ ಡಬ್ಬಿ ಕಣ್ಲಾ! ಆರೂವರೆ ಸಾವಿರವಂತೆ. ಹಳೇಬೀಡಿಂದ ಒಬ್ಬ ಫೋನ್ ಮಾಡಿ ಎಲ್ಲ ಓನರ್‌ಗಳಿಗೂ ಹೇಳ್ತಾವ್ನೆ" ಎಂದು ಒಬ್ಬ ಹೇಳುತ್ತಿದ್ದ. ಪಕ್ಕದಲ್ಲಿ ನಿಂತವನೇ ಆ ಕಳ್ಳ ಅಂತ ಅವನಿಗೇನು ಗೊತ್ತು! ಪುಟ್ಟಸ್ವಾಮಿ ಅವರಿಗೆ ಬೆನ್ನು ಹಾಕಿ ದೇವರಾಜನ ಪಕ್ಕ ನಿಂತ.

"ಟೀ ಕುಡಿದ್ಯೇನಪ್ಪ?" ಎಂದ.

ಮೂರು ದಿನದಲ್ಲಿ ಯಾರೂ ಅವನನ್ನು ಅಷ್ಟು ಸಾದಾ ಮಾತು ಕೇಳಿರಲಿಲ್ಲವೋ ಏನೋ, ಅರ್ಧ ಲೋಟ ಮುಗಿಯುವಷ್ಟರಲ್ಲಿ ಕಟ್ಟೆ ಒಡೆದಂತೆ ಮಾತು ಬಂತು.

"ದಿನಾ ಬೇಲೂರಿಗೆ ಹೋಗೋವಾಗ ಅವರ ಮನೆ ಮುಂದೆ ನಿಲ್ಲಿಸಿ, ಅಂಗಳದ ನಲ್ಲೀಲಿ ಕ್ಯಾನಿಗೆ ನೀರು ತುಂಬ್ಕೊಂತೀನಣ್ಣ. ಅವತ್ತೂ ತುಂಬ್ಕೊಂಡೆ. ನನ್ನ ವಾಚಲ್ಲಿ ಐದೂ ಇಪ್ಪತ್ತೋ ಇಪ್ಪತ್ತೈದೋ ಆಗಿತ್ತು. ವಾಚು ಸುಳ್ಳು, ಡಬ್ಬಿಗೆ ಆಕಾಶದಿಂದ ಟೈಮ್ ಬರ್ತೈತೆ ಅಂದ್ರು ಭರತೇಶಣ್ಣ. ದೇವರ ಕೋಣೆ ಎಡಕ್ಕೈತೋ ಬಲಕ್ಕೈತೋ ನಂಗೊತ್ತಿಲ್ಲ. ಆರು ವರ್ಷದಲ್ಲಿ ಜಗಲಿ ದಾಟಿ ಒಳಕ್ಕೆ ಹೋದೋನಲ್ಲ ನಾನು."

"ಬೇಲೂರಿಂದ ವಾಪಸ್ ಬಂದಿದ್ದು?"

"ಒಬ್ಬನೇ ಬಂದೆ. ಊರು ಬಿಟ್ಟು ಎರಡು ನಿಮಿಷ ಆಗಿತ್ತೇನೋ, ಡಬ್ಬಿ ಪರದೆ ಕಪ್ಪಾಯ್ತು. ಹೊತ್ತು ಮುಳುಗಿದ ತಕ್ಷಣ ಅದು ತಾನೇ ಕಪ್ಪಗಾಗ್ತೈತೆ, ಕಣ್ಣಿಗೆ ಚುಚ್ಚಬಾರ್ದು ಅಂತ. ಹಳೇಬೀಡು ಸರ್ಕಲ್ಲಿಗೆ ಬಂದಾಗ ನನ್ನ ವಾಚಲ್ಲಿ ಏಳಕ್ಕೆ ಐದು ನಿಮಿಷ. ಭರತೇಶಣ್ಣ ಟೀ ಅಂಗಡೀಲಿ ಬೋಂಡ ತಿಂತಿದ್ರು, ನಂಗೂ ಒಂದು ಕೊಟ್ರು. ಡಬ್ಬಿ ಬಿಚ್ಚಿ ಕೊಡು ಅಂದ್ರು, ಕೊಟ್ಟೆ." ದೇವರಾಜ್ ಲೋಟ ಕೆಳಗಿಟ್ಟ. "ಅದನ್ನ ಅಂಟಿಸಿದ ದಿನ ಅವರೇ ಅಂದಿದ್ರು, ಇದರಲ್ಲಿ ಗಡಿಯಾರ ನೋಡ್ಬೇಡ, ದಾರಿ ನೋಡು ಅಂತ. ನಾನು ಗಡಿಯಾರನೂ ನೋಡ್ಲಿಲ್ಲ, ದಾರಿನೂ ನೋಡ್ಲಿಲ್ಲ. ದಾರಿ ನಂಗೆ ಗೊತ್ತಲ್ಲ. ಸುಮ್ನೆ ಅದರ ಮಾತು ಕೇಳಿಸ್ಕೊಂತಿದ್ದೆ. ಇಂಗ್ಲಿಷಲ್ಲಿ ಏನೇನೋ ಹೇಳೋಳು. ಇಡೀ ದಿನ ನನ್ನ ಹತ್ರ ಮಾತಾಡ್ತಿದ್ದುದು ಅವಳೊಬ್ಬಳೇ ಅಣ್ಣ. ಕೊನೆಗೆ ಅವಳೇ ಚಾಡಿ ಹೇಳಿದ್ಲು."

ಪುಟ್ಟಸ್ವಾಮಿ ಮೇಲೆ ಬಂದು ಒಂದಕ್ಷರ ಬಿಡದೆ ಒಪ್ಪಿಸಿದ. ಸಾಹೇಬರು ಹಾಳೆಯ ಮೇಲೆ ಪೆನ್ಸಿಲಿನಿಂದ ಎರಡು ಕಡೆ ಗೆರೆ ಎಳೆದು ಅದನ್ನು ಜೇಬಿಗೆ ಹಾಕಿಕೊಂಡರು. "ನಡಿ, ಜಾವಗಲ್ ಮೇಲಿನ ಬಸ್ಸಿಗೆ ಹೋಗೋಣ. ದೇವರಾಜನೂ ಬರಲಿ. ರಮಾ, ನೀನು ಊರಿಗೆ ಹೋಗಮ್ಮ."

"ನಾನು ಇಲ್ಲೇ ಬಸ್ ಸ್ಟ್ಯಾಂಡಲ್ಲಿ ಇರ್ತೀನಿ ಸಾರ್," ಎಂದಳು ರಮಾ. "ಮನೇಲಿ ಕೂರಕ್ಕೆ ಆಗಲ್ಲ."

ಹಳೇಬೀಡಿಗೆ ಅಂಟಿದ ಬಸ್ತಿಹಳ್ಳಿಯ ತಮ್ಮ ಮನೆಯಲ್ಲಿ ಪದ್ಮಕುಮಾರರು ಮುಖ ಸಪ್ಪಗೆ ಮಾಡಿಕೊಂಡೇ ಬರಮಾಡಿಕೊಂಡರು. ಕೆಟ್ಟ ಮನುಷ್ಯರಲ್ಲ, ಸುಲಭವಾಗಿ ನಂಬುವವರು, ಅಷ್ಟೆ. "ನನಗೇನು ಸಂತೋಷವೇ ಸಾರ್? ಆದರೆ ಮೆಷೀನಿಗೆ ದೇವರಾಜನ ಮೇಲೆ ದ್ವೇಷ ಇರುತ್ತಾ? ಅದು ಕಂಡದ್ದು ಹೇಳುತ್ತೆ" ಎಂದರು. ದೇವರಾಜ್ ಎಂದಿನಂತೆ ಅಂಗಳದಲ್ಲೇ ನಿಂತ.

ತ್ರಿಶಲಮ್ಮ ದೇವರ ಕೋಣೆ ತೋರಿಸಿದರು. ಸಾಹೇಬರು ಹೊಸ್ತಿಲಾಚೆಯೇ ನಿಂತು ನೋಡಿದರು. ಮೂರ್ತಿಯ ತಲೆಯ ಮೇಲಿನ ಬೆಳ್ಳಿಯ ಮುಕ್ಕೊಡೆ, ಬೆಳ್ಳಿಯ ತಟ್ಟೆ, ಬೆಳ್ಳಿಯ ದೀಪ ಎಲ್ಲ ಇದ್ದಲ್ಲೇ ಇದ್ದವು. ನಡುವಿನ ಪೀಠ ಮಾತ್ರ ಖಾಲಿ.

"ಬೇರೇನಾದರೂ ಹೋಗಿದೆಯಾ ತಾಯಿ?"

"ಮಡಿಯಲ್ಲಿ ಒಣಗಿಸಿದ್ದ ಒಂದು ಪಂಚೆ ಇಲ್ಲ. ಅದೇನು ದೊಡ್ಡದು ಬಿಡಿ. ಮೂವತ್ತೊಂದು ವರ್ಷ ಆಯ್ತು ಯಜಮಾನರು ಹೋಗಿ. ಬೆಳಿಗ್ಗೆ ಎದ್ದು ನಾನು ಮೊದಲು ಮಾತಾಡ್ತಿದ್ದುದೇ ಸ್ವಾಮಿ ಹತ್ತಿರ. ಈಗ ಯಾರ ಹತ್ತಿರ ಮಾತಾಡಲಿ?"

"ಗುರುವಾರ ದೇವರಾಜನ ಕಾರು ಬಂದದ್ದು ಕೇಳಿಸಿತಾ?"

"ಹಾರನ್ ಕೇಳಿಸ್ತು. ನಾನಿನ್ನೂ ಒಲೆ ಮುಂದೆ ಇದ್ದೆ ಅಂತ ನೆನಪು. ಆದರೆ ಡಬ್ಬಿ ಊಟದ ಹೊತ್ತು ಅನ್ನುತ್ತಲ್ಲಪ್ಪ. ವಯಸ್ಸಾಯ್ತು, ನನಗೇ ಮರೆತಿರಬೇಕು."

"ಊಟಕ್ಕೆ ಭರತೇಶ್ ಕೂತಿರಲಿಲ್ಲವಾ?"

"ಅವನು ಅವತ್ತು ಏಕಾಶನ ಅಂದ. ದಿನಕ್ಕೆ ಒಂದೇ ಊಟ, ಮಧ್ಯಾಹ್ನವೇ ಮುಗಿಸಿದ್ದ. ನಾವು ಕೂರುವಾಗ ಬಸದಿಗೆ ಹೋಗಿ ಬರ್ತೀನಿ ಅಂತ ಹೋದ."

ಅಷ್ಟರಲ್ಲಿ ಭರತೇಶ್ ಮಹಡಿಯಿಂದ ಇಳಿದು ಬಂದ. ಮೂವತ್ತೈದರ ಆಸುಪಾಸು, ತೊಳೆದಿಟ್ಟಂಥ ಮುಖ, ಬಾಯಿ ತುಂಬ ಮಾತು. "ಟೆಕ್ನಾಲಜಿ ಸಾರ್! ನಿಮ್ಮ ಸರಪಳಿ ಕಾಲ ಮುಗೀತು" ಎಂದು ನಕ್ಕ. ಪುಟ್ಟಸ್ವಾಮಿಗೆ ಆ ನಗುವಿಗೆ ಎರಡು ಬಿಗಿಯಬೇಕು ಅನ್ನಿಸಿತು. ಸಾಹೇಬರು ಮಾತ್ರ ನಕ್ಕು, ಅಡುಗೆಮನೆಯ ಬಾಗಿಲಿಂದ ಒಳಗೆ ಇಣುಕಿದರು. ಒಲೆಯ ಮೇಲಿನ ಗೋಡೆಯಲ್ಲಿ ಜೈನ ಕ್ಯಾಲೆಂಡರ್ ತೂಗುತ್ತಿತ್ತು. ಅದನ್ನು ಬಹಳ ಹೊತ್ತು ನೋಡಿದರು.

"ಪದ್ಮಕುಮಾರರೇ, ಇವತ್ತು ನಿಮ್ಮ ಊಟ ಮುಗಿದ ಮೇಲೆ ಎಲ್ಲರೂ ಅಂಗಳಕ್ಕೆ ಬನ್ನಿ. ಎರಡೂ ಕಾರು ಪಕ್ಕಪಕ್ಕ ನಿಲ್ಲಿಸಿ, ಎರಡೂ ಡಬ್ಬಿ ಅಂಟಿಸಿ ಚಾಲೂ ಮಾಡಿ. ಯಾವುದನ್ನು ಕೊಳ್ಳಬೇಕು ಅನ್ನೋ ಪರೀಕ್ಷೆ ಇನ್ನೂ ಮುಗಿದಿಲ್ಲವಲ್ಲ, ಮುಗಿಸೋಣ."

ಆರೂ ಇಪ್ಪತ್ತರ ಹೊತ್ತಿಗೆ ಎಲ್ಲ ಸೇರಿದರು. ಜಗಲಿಯ ಮೇಲೆ ತ್ರಿಶಲಮ್ಮ, ಕೈಯಲ್ಲಿ ಗೋಡೆಯಿಂದ ಬಿಚ್ಚಿ ತಂದ ಕ್ಯಾಲೆಂಡರ್. ಕಾರುಗಳ ಬಾಗಿಲು ತೆರೆದು ಪದ್ಮಕುಮಾರರು, ಭರತೇಶ್, ಪುಟ್ಟಸ್ವಾಮಿ. ದೂರದಲ್ಲಿ ನಲ್ಲಿಯ ಹತ್ತಿರ ದೇವರಾಜ್. ಬಸದಿಯ ಆಚೆ ಸೂರ್ಯ ಕೆಂಪಗೆ ಇಳಿಯುತ್ತಿದ್ದ.

"ಡಬ್ಬಿಗಳ ಪರದೆ ಮೇಲೆ ಕಣ್ಣಿಡಿ," ಎಂದರು ಸಾಹೇಬರು. "ಪುಟ್ಟಸ್ವಾಮಿ, ಕಪ್ಪಾದ ತಕ್ಷಣ ಕೂಗು."

ಸೂರ್ಯ ತುದಿಯಷ್ಟು ಉಳಿದು ಅದೂ ಮುಳುಗಿತು. ಎರಡು ಪರದೆಗಳೂ ಒಂದೇ ಗಳಿಗೆಯಲ್ಲಿ ಬಿಳುಪಿನಿಂದ ಕಪ್ಪಿಗೆ ತಿರುಗಿದವು.

"ಆಯ್ತು ಸಾರ್!"

"ದುಬಾರಿ ಡಬ್ಬಿಯಲ್ಲಿ ಗಂಟೆ ಎಷ್ಟು?"

"ಆರೂ ಇಪ್ಪತ್ತೆಂಟು."

"ಅಗ್ಗದ್ದರಲ್ಲಿ?"

ಪುಟ್ಟಸ್ವಾಮಿ ಬಗ್ಗಿದ. ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಬಗ್ಗಿದ. "ಆರೂ ಐವತ್ತೆಂಟು! ಇದೇನ್ ಸಾರ್ ಇದು?"

"ತಾಯಿ, ಇವತ್ತಿನ ಸೂರ್ಯಾಸ್ತ ಎಷ್ಟಕ್ಕೆ ಅಂತ ಬರೆದಿದೆ?"

ತ್ರಿಶಲಮ್ಮ ಬೆರಳಿಟ್ಟು ಓದಿದರು. "ಆರು ಗಂಟೆ ಇಪ್ಪತ್ತೆಂಟು ನಿಮಿಷ."

ಸಾಹೇಬರು ಜಗಲಿಯ ತುದಿಗೆ ಕೂತರು. "ಬೇರೆ ಮನೆಯಾಗಿದ್ದರೆ ನನಗೆ ಕಷ್ಟ ಆಗೋದು. ಹೊತ್ತು ಮುಳುಗೋದನ್ನ ನಿಮಿಷದ ಲೆಕ್ಕದಲ್ಲಿ ಅಡುಗೆಮನೆ ಗೋಡೆಗೆ ನೇತುಹಾಕಿಕೊಳ್ಳೋರು ನೀವೇ. ನಮ್ಮ ದೇಶದ ಗಂಟೆ ಲಂಡನ್ನಿಗಿಂತ ಐದೂವರೆ ಗಂಟೆ ಮುಂದೆ. ಈ ಅಗ್ಗದ ಡಬ್ಬಿಯಲ್ಲಿ ಗಂಟೆ ಹೊಂದಿಸೋ ಪಟ್ಟಿ ನೋಡಿದೆ, ಐದು ಇದೆ, ಆರು ಇದೆ, ಐದೂವರೆ ಇಲ್ಲ. ಭರತೇಶ್ ಆರಕ್ಕೆ ಇಟ್ಟಿದ್ದಾರೆ. ಹಾಗಾಗಿ ಗಡಿಯಾರ ಅರ್ಧ ಗಂಟೆ ಮುಂದೆ, ಬರೆದಿಡೋ ಹಾಳೆಯೂ ಅರ್ಧ ಗಂಟೆ ಮುಂದೆ. ಆದರೆ ಸೂರ್ಯನಿಗೆ ಮೋಸ ಮಾಡೋಕಾಗಲ್ಲ. ಕತ್ತಲಾದಾಗಲೇ ಪರದೆ ಕಪ್ಪಾಗುತ್ತೆ."

ಜೇಬಿನಿಂದ ಹಾಳೆ ತೆಗೆದು ಬಿಡಿಸಿದರು. "ಬೇಲೂರು ಬಿಟ್ಟ ಎರಡು ನಿಮಿಷಕ್ಕೆ ಪರದೆ ಕಪ್ಪಾಯ್ತು ಅಂದ ದೇವರಾಜ. ಹಾಳೆ ಪ್ರಕಾರ ಅವನು ಹೊರಟಿದ್ದು 6:55ಕ್ಕೆ. ಅಷ್ಟು ಹೊತ್ತಿಗೆ ಸೂರ್ಯ ಮುಳುಗಿ ಅರ್ಧ ಗಂಟೆ ಆಗಿರಬೇಕಲ್ಲ? ಅಲ್ಲೇ ನನಗೆ ಅನುಮಾನ ಬಂತು. ಅರ್ಧ ಗಂಟೆ ಕಳೆಯಿರಿ. ಅವನು ನಿಮ್ಮ ಮನೆ ಮುಂದೆ ನಿಂತಿದ್ದು 5:22ರಿಂದ 5:34. ನೀವು ಊಟಕ್ಕೆ ಕೂತಿದ್ದು 5:45ಕ್ಕೆ, ಆಗ ಮೂರ್ತಿ ಇತ್ತು. ಅವನ ವಾಚು ಸರಿ, ತಾಯಿಯ ನೆನಪೂ ಸರಿ."

ಪದ್ಮಕುಮಾರರು ಹಾಳೆ ಇಸಿದುಕೊಂಡು ನೋಡಿದರು. "ಹಾಗಾದರೆ ಕದ್ದದ್ದು ಯಾರು?"

"ಕಳ್ಳ ಬೆಳ್ಳಿ ಬಿಟ್ಟು ಸ್ಫಟಿಕ ಒಯ್ಯಲ್ಲ. ಒಯ್ದರೂ ಮಡಿ ಪಂಚೆ ಹುಡುಕಿ ಸುತ್ತಿಕೊಂಡು ಒಯ್ಯಲ್ಲ. ಮೂರ್ತಿಗೆ ಮೈಲಿಗೆ ಆಗಬಾರದು ಅನ್ನೋ ಭಯ ಇದ್ದವನು, ಈ ಮನೆಯ ಒಳಗು ಗೊತ್ತಿದ್ದವನು ಮಾಡಿದ ಕೆಲಸ ಇದು. ಜಗಲಿ ದಾಟದ ದೇವರಾಜನಿಗೆ ಮಡಿ ಪಂಚೆ ಎಲ್ಲಿ ಒಣಗುತ್ತೆ ಅಂತ ಹೇಗೆ ಗೊತ್ತು?" ಸಾಹೇಬರು ತಿರುಗಿದರು. "ಭರತೇಶ್, ಗುರುವಾರ ನಿಮಗೆ ಏಕಾಶನ. ಒಂದೇ ಊಟ. ಹೊತ್ತು ಮುಳುಗಿದ ಮೇಲಂತೂ ನಿಮ್ಮಲ್ಲಿ ಏನೂ ತಿನ್ನಲ್ಲ. ಮತ್ತೆ ಏಳು ಗಂಟೆಗೆ ಸರ್ಕಲ್ಲಿನಲ್ಲಿ ಬೋಂಡ ತಿಂದಿರಲ್ಲ?"

ಭರತೇಶ್ ನಗಲು ನೋಡಿದ. ನಗು ಬರಲಿಲ್ಲ.

"ಊಟಕ್ಕೆ ಕೂರದೆ ಇರೋಕೆ ಒಂದು ನೆಪ ಬೇಕಿತ್ತು, ಅಷ್ಟೆ. ಗಡಿಯಾರ ನೋಡಬೇಡ ಅಂತ ದೇವರಾಜನಿಗೆ ಮೊದಲೇ ಹೇಳಿದ್ದಿರಿ. ಅಂದರೆ ಅದು ತಪ್ಪು ಅಂತ ನಿಮಗೊಬ್ಬರಿಗೆ ಗೊತ್ತಿತ್ತು. ಹೇಳಿದ್ದರೆ ನಿಮ್ಮ ಭಾವ ಪದ್ಮಕುಮಾರರು ಡಬ್ಬಿ ಕೊಳ್ಳುತ್ತಿರಲಿಲ್ಲ. ಅವನು ದಿನಾ ನೀರು ತುಂಬೋಕೆ ಬರೋ ಹೊತ್ತು, ಹಾಳೆಯಲ್ಲಿ ಊಟದ ಹೊತ್ತಾಗಿ ಬೀಳುತ್ತೆ ಅಂತಲೂ ಲೆಕ್ಕ ಹಾಕಿದಿರಿ. ಡಬ್ಬಿ ಕಳ್ಳನ್ನ ಹಿಡೀತು ಅಂತ ಅರಸೀಕೆರೆ ಟ್ಯಾಕ್ಸಿ ಸ್ಟ್ಯಾಂಡಿನವರೆಗೂ ಸುದ್ದಿ ಮುಟ್ಟಿಸಿದಿರಿ."

"ಮೂರ್ತಿ ಎಲ್ಲಿಟ್ಟಿದ್ದೀಯೋ ಭರತು?" ತ್ರಿಶಲಮ್ಮ ಕೇಳಿದ್ದು ಇಷ್ಟೇ, ಮೆತ್ತಗೆ.

ಭರತೇಶ್ ನೇರ ಬಾವಿಕಟ್ಟೆಗೆ ಹೋದ. ಎರಡು ಕೊಡ ನೀರು ಸೇದಿ, ತೊಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಸುರಿದುಕೊಂಡ. ನೀರು ಸೋರಿಸಿಕೊಂಡೇ ಮಹಡಿ ಹತ್ತಿ, ಡಬ್ಬಿಗಳ ರಟ್ಟಿನ ಪೆಟ್ಟಿಗೆಗಳ ಹಿಂದೆ ಅಟ್ಟದಲ್ಲಿ ಇಟ್ಟಿದ್ದ ಬಿಳಿ ಪಂಚೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮೈಲಿಗೆಯಲ್ಲಿ ಮುಟ್ಟಲು ಆಗಲೂ ಧೈರ್ಯ ಬಂದಿರಲಿಲ್ಲ. ಮನುಷ್ಯನ ಹೆಸರಿಗೆ ಮಸಿ ಬಳಿಯುವಾಗ ಮಾತ್ರ ಕೈ ತೊಳೆದುಕೊಳ್ಳಬೇಕು ಅಂತ ಅನ್ನಿಸಿರಲಿಲ್ಲ ನೋಡಿ!

"ದುಬೈಯಿಂದ ಬರಿಗೈಲಿ ಬಂದೆ ಅತ್ತೆ. ಕೈಹಾಕಿದ್ದೆಲ್ಲ ಮುಳುಗಿತು. ಈ ಡಬ್ಬಿ ವ್ಯಾಪಾರ ಒಂದಾದರೂ ಗೆಲ್ಲಲಿ ಅಂತ..." ಎಂದು ಬಿಕ್ಕಿದ. "ನಾಳೆ ಭಾನುವಾರ ಬಾಗಿಲಲ್ಲಿ ಇಟ್ಟುಬಿಡೋಣ ಅಂತಿದ್ದೆ. ಹೆದರಿ ವಾಪಸ್ ಇಟ್ಟ ಅಂತ ಎಲ್ಲರೂ ಅಂದ್ಕೊಳ್ತಿದ್ರು."

"ದೇವರಾಜನೂ ಹಾಗೇ ಅನ್ನಿಸಿಕೊಂಡು ಬದುಕಬೇಕಿತ್ತಾ?" ಪುಟ್ಟಸ್ವಾಮಿ ತಡೆಯಲಾರದೆ ಕೂಗಿದ.

ಪದ್ಮಕುಮಾರರು ಅಂಗಳ ದಾಟಿ ನಲ್ಲಿಯ ಹತ್ತಿರ ಹೋದರು. ಮಾತಿಗೆ ತಡವರಿಸಿದರು. "ತಪ್ಪಾಯ್ತು ದೇವರಾಜ್. ಓನರ್‌ಗಳಿಗೆಲ್ಲ ನಾನೇ ಫೋನ್ ಮಾಡಿ ನಿಜ ಹೇಳ್ತೀನಿ. ಸೋಮವಾರ ಕೆಲಸಕ್ಕೆ ಬಾ. ಒಳಗೆ ಬಾಪ್ಪ, ಕೂತ್ಕೋ."

"ಫೋನ್ ಮಾಡಿ ಸಾರ್, ಅದು ಬೇಕು ನಂಗೆ," ಎಂದ ದೇವರಾಜ್. ತನ್ನಲ್ಲೇ ಉಳಿದಿದ್ದ ಕಾರಿನ ಕೀ ಜೇಬಿನಿಂದ ತೆಗೆದು ಜಗಲಿಯ ಅಂಚಿಗೆ ಇಟ್ಟ. ಕಾರಿನಲ್ಲಿದ್ದ ನೀರಿನ ಕ್ಯಾನನ್ನೂ ತಂದು ಪಕ್ಕದಲ್ಲಿ ಇಟ್ಟ. "ಆರು ವರ್ಷ ನಿಮ್ಮ ಕಾರು ಓಡಿಸಿದೀನಿ. ಏನಾಯ್ತೋ ದೇವರಾಜ ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ. ನೀವು ನನ್ನ ಕೇಳ್ಲಿಲ್ಲ ಸಾರ್. ಆರು ದಿನದ ಡಬ್ಬಿನ ಕೇಳಿದ್ರಿ."

ತ್ರಿಶಲಮ್ಮ ಜಗಲಿಯಿಂದ ಇಳಿದು ಅವನ ಹಿಂದೆಯೇ ಗೇಟಿನವರೆಗೂ ಬಂದರು. ದೇವರಾಜ್ ಅವರಿಗೆ ಕೈ ಮುಗಿದ.

ಬಸ್ಸಿನಲ್ಲಿ ಮೂವರೂ ಗೆದ್ದು ಬಂದವರ ಹಾಗೆ ಕೂತಿರಲಿಲ್ಲ. ಕಿಟಕಿಯಾಚೆ ತೆಂಗಿನ ತೋಟಗಳು ಕಪ್ಪಗೆ ಸರಿಯುತ್ತಿದ್ದವು, ಜಾವಗಲ್ಲಿನಲ್ಲಿ ಅರ್ಧ ಬಸ್ಸು ಖಾಲಿಯಾಯಿತು.

ಅರಸೀಕೆರೆ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ರಮಾ ಬೆಳಿಗ್ಗೆಯಿಂದ ಕೂತೇ ಇದ್ದಳು. ಸಾಹೇಬರು ತಲೆ ಆಡಿಸಿದ್ದು ನೋಡಿ ಅವಳಿಗೆ ಎಲ್ಲ ತಿಳಿಯಿತು. ಏನಾಯಿತು, ಯಾರು ಕದ್ದರು ಅಂತ ಒಂದೂ ಕೇಳಲಿಲ್ಲ. ಗಂಡನ ತೋಳು ಹಿಡಿದು, "ಊಟ ಆಯ್ತಾ?" ಅಂದಳು. ಮೂರು ದಿನ ಕಲ್ಲಿನಂತೆ ಇದ್ದ ಆ ಮನುಷ್ಯ ಬಸ್ ಸ್ಟ್ಯಾಂಡಿನ ನಡುವೆ ನಿಂತು ಹೋ ಎಂದು ಅತ್ತುಬಿಟ್ಟ. ಪುಟ್ಟಸ್ವಾಮಿ ನೋಡಲಾಗದೆ ಮುಖ ಆ ಕಡೆ ತಿರುಗಿಸಿದ.

ಅವರಿಬ್ಬರೂ ಗಂಡಸಿಯ ಬಸ್ಸು ಹತ್ತಿದ ಮೇಲೆ ಸಾಹೇಬರೂ ಚೈನ್‌ಮನ್ನೂ ಸ್ಟೇಷನ್ ರಸ್ತೆಯಲ್ಲಿ ನಡೆದರು. ಹಳೆಯ ಅಭ್ಯಾಸ, ಪುಟ್ಟಸ್ವಾಮಿ ಸರಪಳಿಯುದ್ದ ಮುಂದೆ, ಸಾಹೇಬರು ಹಿಂದೆ. ಕೋಣೆಯ ಮೆಟ್ಟಿಲು ಬಂತು. ಪುಟ್ಟಸ್ವಾಮಿ ಜೇಬಿನಲ್ಲಿ ಮನೆಯ ಬೀಗದ ಕೈ ತಡಕಿದ. "ಬರ್ತೀನಿ ಸಾರ್" ಎಂದ.

ಸಾಹೇಬರು ಮೆಟ್ಟಿಲು ಹತ್ತಲಿಲ್ಲ. ಏನೋ ಅಳತೆ ತಪ್ಪಿದವರ ಹಾಗೆ ನಿಂತೇ ಇದ್ದರು.

"ಪುಟ್ಟಸ್ವಾಮಿ, ಊಟ ಆಯ್ತೇನಯ್ಯಾ?"

ಪುಟ್ಟಸ್ವಾಮಿ ಜೇಬಿನಿಂದ ಕೈ ಹೊರತೆಗೆದು, "ಇಲ್ಲ ಸಾರ್," ಎಂದ. "ತಮ್ಮದು?"

"ನಂದೂ ಇಲ್ಲ."

"ಮನೇಲಿ ರಾಗಿಹಿಟ್ಟು ಐತೆ. ಹುರುಳಿ ಸಾರು ಬೆಳಿಗ್ಗೆದು. ನಡೀತದಾ?"

"ನಡೀತದೆ, ನಡಿ," ಎಂದರು ಸಾಹೇಬರು. ಈ ಸಲ ಹಿಂದೆ ಬರದೆ ಪಕ್ಕದಲ್ಲೇ ಹೆಜ್ಜೆ ಹಾಕಿದರು.